ಗೇಟು ಬಾಗಿಲು, ಚೆರುವು ಲೇಕು



ಮಾದಾಪುರದ ಕಡೆ ಹೊರಟ ಆಟೋದವನಿಗೆ ದಾರಿ ಹೇಳುವಾಗ ನೀವು ‘ದುರ್ಗಂ ಚೆರುವು ಲೇಕ್ ಹತ್ತಿರ’ ಎನ್ನುತ್ತೀರಿ, ಅಲ್ಲವೆ? ಒಂದು ಗಳಿಗೆ ನಿಂತು ಯೋಚಿಸಿ. ತೆಲುಗಿನ ‘ಚೆರುವು’ ಎಂದರೆ ಕೆರೆ. ಇಂಗ್ಲಿಷಿನ ‘ಲೇಕ್’ ಎಂದರೂ ಕೆರೆ. ಅಲ್ಲಿಗೆ ನೀವು ಹೇಳಿದ್ದು ‘ದುರ್ಗದ ಕೆರೆ ಕೆರೆ’ ಎಂದಾಯಿತು! ಆಟೋದವನು ನಗುವುದಿಲ್ಲ, ಅವನೂ ಹಾಗೆಯೇ ಹೇಳುವವನು. 2020ರಲ್ಲಿ ಅಲ್ಲಿ ಕೇಬಲ್ ಸೇತುವೆ ಆದ ಮೇಲಂತೂ ಈ ‘ಕೆರೆ ಕೆರೆ’ ಎಲ್ಲರ ಬಾಯಲ್ಲಿ ನೆಲೆಯಾಗಿದೆ.

ಒಂದೇ ಅರ್ಥವನ್ನು ಎರಡು ಸಲ ಹೇಳುವ ಈ ಅಭ್ಯಾಸಕ್ಕೆ ನಮ್ಮವರು ಪುನರುಕ್ತಿ ಎಂದು ಹೆಸರಿಟ್ಟಿದ್ದಾರೆ. ನಮ್ಮ ದಿನನಿತ್ಯದ ಇಂಗ್ಲಿಷಿನಲ್ಲಿ ಇದು ಎಷ್ಟು ತುಂಬಿದೆಯೆಂದರೆ, ಮಾವಿನಕಾಯಿ ಉಪ್ಪಿನಕಾಯಿಯಲ್ಲಿ ಉಪ್ಪನ್ನು ಹುಡುಕಿದ ಹಾಗೆ, ಬೇರೆಯಾಗಿ ಕಾಣುವುದೇ ಇಲ್ಲ. ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಇಂಗ್ಲಿಷಿನಲ್ಲೇ ಸಂದರ್ಶನ ಕೊಡಬೇಕಾದ ನಿಮಗೆ ಇದು ಬರಿಯ ತಮಾಷೆಯ ವಿಷಯವಲ್ಲ. ಯಾವ ಮಾತನ್ನು ಕತ್ತರಿಸಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಊರ ಹೆಸರುಗಳ ಸ್ವಾರಸ್ಯ

ನಮ್ಮ ಹೈದರಾಬಾದಿನಷ್ಟು ಪುನರುಕ್ತಿಗೆ ಹೇಳಿ ಮಾಡಿಸಿದ ಊರು ಇನ್ನೊಂದಿಲ್ಲ. ಇಲ್ಲಿ ತೆಲುಗು, ದಖನಿ ಉರ್ದು, ಮರಾಠಿ, ಕನ್ನಡ, ಇಂಗ್ಲಿಷು ಎಲ್ಲವೂ ಒಂದೇ ಓಣಿಯಲ್ಲಿ ಓಡಾಡುತ್ತವೆ. ‘ಚೌಮಹಲ್ಲಾ’ ಎಂದರೆ ನಾಲ್ಕು ಅರಮನೆಗಳು. ನಾವು ‘ಚೌಮಹಲ್ಲಾ ಪ್ಯಾಲೇಸ್’ ಎಂದು ಐದನೆಯದನ್ನೂ ಕಟ್ಟಿಬಿಡುತ್ತೇವೆ. ನಗರವೆಂದರೆ ಪಟ್ಟಣ, ಕಾಲನಿಯೆಂದರೆ ಬಡಾವಣೆ. ಆದರೂ ‘ಶ್ರೀನಗರ ಕಾಲನಿ’, ‘ವಿಜಯನಗರ ಕಾಲನಿ’ ಇವೆ. ಒಂದು ಸಾಮ್ರಾಜ್ಯದ ರಾಜಧಾನಿ ಇಲ್ಲಿ ಬಂದು ಕಾಲನಿಯಾಯಿತು, ಪಾಪ!

ಸಾಗರವೆಂದರೆ ಸಮುದ್ರ. 16ನೆಯ ಶತಮಾನದಲ್ಲಿ ಇಬ್ರಾಹಿಂ ಕುಲಿ ಕುತುಬ್ ಷಾನ ಕಾಲದಲ್ಲಿ ಕಟ್ಟಿದ ಕೆರೆಗೆ ಹುಸೇನ್ ಸಾಗರ ಎಂದು ಹೆಸರು ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ಊರನ್ನು ಕೊಚ್ಚಿಹಾಕಿದಾಗ, ಪರಿಹಾರ ಹೇಳಲು ನಿಜಾಮರು ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಗಡೆ ನೀರನ್ನು ತಡೆದು ನಿಲ್ಲಿಸಬೇಕೆಂಬ ಅವರ ಸಲಹೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಈಗ ಮೂರಕ್ಕೂ ‘ಲೇಕ್’ ಎಂಬ ಬಾಲ ಸೇರಿದೆ. ಸಮುದ್ರದ ಪಕ್ಕದಲ್ಲಿ ಕೆರೆಯನ್ನು ತಂದಿಟ್ಟ ಹಾಗೆ!

ಇದು ನಮ್ಮ ಊರಿನ ದಡ್ಡತನವೆಂದು ತಿಳಿಯಬೇಡಿ. ಷೇಕ್ಸ್‌ಪಿಯರ್ ಹುಟ್ಟಿದ ಊರಿನ ನದಿ ‘ರಿವರ್ ಏವನ್’. ಬ್ರಿಟನ್ನಿನ ಹಳೆಯ ಕೆಲ್ಟಿಕ್ ಭಾಷೆಯಲ್ಲಿ ‘ಏವನ್’ ಎಂದರೇ ನದಿ. ‘ಸಹಾರಾ ಡೆಸರ್ಟ್’ ಎನ್ನುತ್ತೇವೆ. ಅರಬ್ಬಿಯ ‘ಸಹ್ರಾ’ ಎಂದರೇ ಮರುಭೂಮಿ. ಅಮೆರಿಕದ ಅಂಗಡಿಗಳಲ್ಲಿ ‘ಚಾಯ್ ಟೀ’ ಮಾರುತ್ತಾರೆ. ಚಾಯ್ ಮತ್ತು ಟೀ ಎರಡಕ್ಕೂ ತಾಯಿ ಚೀನಾದ ಒಂದೇ ಮಾತು. ಒಂದು ಪಾರ್ಸಿಯ ಮೂಲಕ ನಡೆದು ಬಂದು ನಮ್ಮ ಇರಾನಿ ಹೋಟೆಲಿನ ಚಾಯ್ ಆಯಿತು, ಕಲಬುರಗಿ ಧಾರವಾಡಗಳ ಚಹಾ ಆಯಿತು. ಇನ್ನೊಂದು ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ ಟೀ ಆಗಿ ಮೈಸೂರಿಗೆ ಬಂತು. ಎಷ್ಟೋ ಕಾಲ ಅಗಲಿದ್ದ ಅಕ್ಕತಂಗಿಯರು ಒಂದೇ ಲೋಟದಲ್ಲಿ ಭೇಟಿಯಾದಂತೆ!

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಜೊತೆಗೊಂದು ಪದವನ್ನು ಯಾರು ಸೇರಿಸುತ್ತಾರೆ? ಮೊದಲಿನ ಪದ ಯಾರಿಗೆ ಅರ್ಥವಾಗುವುದಿಲ್ಲವೋ ಅವರು. ತೆಲುಗು ತಿಳಿದ ಅಜ್ಜಿಗೆ ‘ಚೆರುವು’ ಸಾಕು. ಅದರ ಅರ್ಥ ಕಿವಿಗೆ ಬೀಳದವರಿಗೆ ‘ಲೇಕ್’ ಬೇಕಾಗುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿರಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಬ್ಯಾಂಕಿನಿಂದ ಪರೀಕ್ಷೆಯವರೆಗೆ

ಮೊದಲಕ್ಷರಗಳ ಹೆಸರುಗಳಲ್ಲಂತೂ ಪುನರುಕ್ತಿ ಸಂತೆ ನೆರೆದಿದೆ. ಎ.ಟಿ.ಎಂ. ಎಂಬುದರ ಕೊನೆಯ ಅಕ್ಷರವೇ ಮೆಷೀನ್; ನಾವು ‘ಎ.ಟಿ.ಎಂ. ಮೆಷೀನ್’ ಎನ್ನುತ್ತೇವೆ. ಅದರೊಳಗೆ ಒತ್ತುವ ಪಿನ್ ಎಂದರೆ ‘ಪರ್ಸನಲ್ ಐಡೆಂಟಿಫಿಕೇಶನ್ ನಂಬರ್’. ನಾವು ‘ಪಿನ್ ನಂಬರ್’ ಒತ್ತುತ್ತೇವೆ. ಆದಾಯ ತೆರಿಗೆಯ ಪ್ಯಾನ್‌ನಲ್ಲಿ ನಂಬರ್ ಅಡಗಿದೆ. ಆದರೂ ‘ಪ್ಯಾನ್ ನಂಬರ್’. ಓ.ಟಿ.ಪಿ.ಯಲ್ಲಿ ಪಾಸ್‌ವರ್ಡ್ ಇದೆ; ಆದರೂ ‘ಓ.ಟಿ.ಪಿ. ಪಾಸ್‌ವರ್ಡ್’. ಇ.ಎಂ.ಐ. ಎಂಬಲ್ಲಿ ‘ಐ’ ಎಂದರೆ ಕಂತು, ಆದರೂ ‘ಇ.ಎಂ.ಐ. ಕಂತು’ ಕಟ್ಟುತ್ತೇವೆ. ಎರಡು ಸಲ ಹೇಳಿದರೂ ಕಟ್ಟುವುದು ಒಂದೇ ಸಲ ಎಂಬುದೇ ಸಮಾಧಾನ.

ನಿಮ್ಮಲ್ಲಿ ಎಷ್ಟೋ ಜನ ‘ಎಂಸೆಟ್ ಟೆಸ್ಟ್’ ಬರೆದವರು. ಆ ‘ಸೆಟ್’ ಎಂಬುದರಲ್ಲೇ ಎಂಟ್ರೆನ್ಸ್ ಟೆಸ್ಟ್ ಕುಳಿತಿದೆ. ತೆಲಂಗಾಣದಲ್ಲಿ 2024ರಲ್ಲಿ ಎಂಸೆಟ್ ಹೋಗಿ ಇ.ಎ.ಪಿ.ಸೆಟ್ ಬಂತು, ಹೆಸರು ಬದಲಾದರೂ ಬಾಲದ ಟೆಸ್ಟ್ ತಪ್ಪಲಿಲ್ಲ.

ಅಂಚೆಯ ಪಿನ್ ಕೋಡ್ ನೋಡಿ. ಪಿನ್ ಎಂದರೆ ‘ಪೋಸ್ಟಲ್ ಇಂಡೆಕ್ಸ್ ನಂಬರ್’. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಈ ಏರ್ಪಾಡಿನಲ್ಲಿ ಮೊದಲ ಅಂಕಿ ಪ್ರದೇಶವನ್ನು ಸೂಚಿಸುತ್ತದೆ. ನಮ್ಮ ಹೈದರಾಬಾದು 500001, ಬೆಂಗಳೂರು 560001, ಕಲಬುರಗಿ 585101. ಎಲ್ಲವೂ 5ರಿಂದಲೇ ಆರಂಭ! ಅಂಚೆಯವರ ಲೆಕ್ಕದಲ್ಲಾದರೂ ನಾವು ಇನ್ನೂ ಒಂದೇ ಮನೆಯವರು. ನಂಬರಿನ ಮೇಲೆ ಕೋಡ್ ಏಕೆ ಬಂತು? ಬರಿ ‘ಪಿನ್’ ಎಂದರೆ ಇಂಗ್ಲಿಷಿನಲ್ಲಿ ಗುಂಡುಸೂಜಿಯೂ ಹೌದು. ಕೇಳುವವರಿಗೆ ಗೊಂದಲವಾಗದಿರಲೆಂದು ನಾಲಿಗೆ ತಾನಾಗಿಯೇ ಒಂದು ಆಸರೆ ಹುಡುಕಿಕೊಂಡಿತು. ಪುನರುಕ್ತಿಗೂ ಅದರದೇ ಆದ ಕಾರಣ ಇರುತ್ತದೆಂಬುದಕ್ಕೆ ಇದೊಂದು ಗುರುತು.

ನಮ್ಮ ಮಾತು ಅವರ ಭಾಷೆಯಲ್ಲಿ

‘ರಿಟರ್ನ್ ಬ್ಯಾಕ್’, ‘ರಿಪೀಟ್ ಅಗೇನ್’, ‘ರಿವರ್ಟ್ ಬ್ಯಾಕ್’, ‘ಡಿಸ್ಕಸ್ ಅಬೌಟ್’, ‘ಕ್ಯಾನ್ ಏಬಲ್ ಟು’, ‘ದಿ ರೀಸನ್ ಈಸ್ ಬಿಕಾಸ್’. ಇವುಗಳಲ್ಲಿ ಕೆಲವು ಇಂಗ್ಲಿಷರ ಬಾಯಲ್ಲೂ ಬರುತ್ತವೆ, ಆದರೆ ನಮ್ಮಲ್ಲಿ ಇವು ಇಷ್ಟು ಗಟ್ಟಿಯಾಗಿ ಬೇರು ಬಿಟ್ಟಿದ್ದೇಕೆ? ಅಡುಗೆಮನೆಯ ಕಡೆ ಕಿವಿಗೊಡಿ, ಉತ್ತರ ಸಿಗುತ್ತದೆ. ನಾವು ಡಬ್ಬಿಯನ್ನು ‘ವಾಪಸ್ ಕೊಡು’ ಎನ್ನುತ್ತೇವೆ, ‘ತಿರುಗಿ ಕೊಡು’ ಎನ್ನುತ್ತೇವೆ. ತೆಲುಗಿನವರೂ, ಉರ್ದುವಿನವರೂ ಹಾಗೆಯೇ. ನಮ್ಮಲ್ಲಿ ಕೊಡುವುದು ಒಂದು ಪದ, ಹಿಂದಕ್ಕೆ ಎಂಬುದು ಇನ್ನೊಂದು ಪದ. ಇಂಗ್ಲಿಷಿನ ‘ರಿಟರ್ನ್’ ಎಂಬುದರಲ್ಲಿ ‘ರಿ’ ಎಂಬ ಸಣ್ಣ ತುಂಡೇ ಆ ‘ಹಿಂದಕ್ಕೆ’ ಎಂಬುದನ್ನು ಹೊತ್ತಿದೆ. ಅದು ನಮ್ಮ ಕಿವಿಗೆ ಬೀಳದೆ ‘ಬ್ಯಾಕ್’ ಅನ್ನು ಬೇರೆಯಾಗಿ ಸೇರಿಸುತ್ತೇವೆ.

‘ಕಾರಣ ಏನಪ್ಪಾ ಅಂದರೆ, ಯಾಕೆಂದರೆ...’ ಎಂದು ಮಾತು ಶುರು ಮಾಡುವವರು ‘ರೀಸನ್ ಈಸ್ ಬಿಕಾಸ್’ ಎನ್ನದೆ ಇನ್ನೇನು ಅಂದಾರು? ‘ಅದರ ಬಗ್ಗೆ ಚರ್ಚೆ ಮಾಡೋಣ’ ಎಂಬುದರ ‘ಬಗ್ಗೆ’ಯೇ ‘ಡಿಸ್ಕಸ್ ಅಬೌಟ್’ನಲ್ಲಿರುವ ‘ಅಬೌಟ್’. ‘ರಿವರ್ಟ್’ ಎಂದರೆ ಹಿಂದಿನ ಸ್ಥಿತಿಗೆ ಮರಳುವುದು. ನಮ್ಮ ಆಫೀಸುಗಳಲ್ಲಿ ಅದು ‘ಉತ್ತರ ಬರೆಯುವುದು’ ಆಗಿದೆ, ಅದಕ್ಕೊಂದು ‘ಬ್ಯಾಕ್’ ಕೂಡ ಅಂಟಿದೆ. ಅಲ್ಲಿ ‘ರಿಪ್ಲೈ’ ಎಂದರೆ ಸಾಕು.

ರಜಾ ಅರ್ಜಿಯೊಂದನ್ನು ನೋಡಿ: ‘ಐ ಆಮ್ ರೈಟಿಂಗ್ ದಿಸ್ ಲೆಟರ್ ಟು ಕೈಂಡ್ಲಿ ರಿಕ್ವೆಸ್ಟ್ ಯು ಟು ಪ್ಲೀಸ್ ಗ್ರಾಂಟ್ ಮಿ ಲೀವ್ ಫಾರ್ ಎ ಪೀರಿಯಡ್ ಆಫ್ ಟು ಡೇಸ್.’ ಇಪ್ಪತ್ತು ಪದಗಳು. ‘ಪ್ಲೀಸ್ ಗ್ರಾಂಟ್ ಮಿ ಟು ಡೇಸ್ ಲೀವ್’ ಎಂದರೆ ಆರು. ಕಾಗದ ಬರೆಯುತ್ತಿರುವುದು ಕಾಗದ ಕಂಡವರಿಗೆ ಗೊತ್ತೇ ಇದೆ; ಎರಡು ದಿನವೆಂಬುದು ಒಂದು ಅವಧಿ ಎಂದೂ ಗೊತ್ತು.

ಆದರೆ ಆ ‘ಕೈಂಡ್ಲಿ’, ‘ರಿಕ್ವೆಸ್ಟ್’, ‘ಪ್ಲೀಸ್’ ಮೂರೂ ಏಕೆ ಒಟ್ಟಿಗೆ ಬಂದವು? ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದೊಳಗೇ ಇದೆ. ‘ಕೊಡು’ ಎಂಬುದಕ್ಕೂ ‘ಕೊಡಿ’ ಎಂಬುದಕ್ಕೂ ಒಂದು ಸ್ವರದ ವ್ಯತ್ಯಾಸ. ಅಷ್ಟರಲ್ಲೇ ತಮ್ಮನೋ ಮೇಷ್ಟ್ರೋ ತಿಳಿದುಹೋಗುತ್ತದೆ. ಇಂದಿನ ಇಂಗ್ಲಿಷಿನಲ್ಲಿ ನಾಯಿಮರಿಗೂ ‘ಯು’, ಪ್ರಿನ್ಸಿಪಾಲರಿಗೂ ‘ಯು’. ಮರ್ಯಾದೆ ಕಡಿಮೆಯಾಯಿತೇನೋ ಎಂಬ ಅಂಜಿಕೆಯಿಂದ ನಾವು ಮೇಲಿಂದ ಮೇಲೆ ಕೈ ಮುಗಿಯುತ್ತೇವೆ. ಆದ್ದರಿಂದ ದೊಡ್ಡವರು ಬರೆದ ಅಂಥ ಅರ್ಜಿ ಕಂಡಾಗ ನಗಬೇಡಿ. ಅದರಲ್ಲಿ ಕಾಣುವುದು ಅವರ ಅಜ್ಞಾನವಲ್ಲ, ಅವರ ವಿನಯ. ನೀವು ಬರೆಯುವಾಗ ಮಾತ್ರ ಒಂದು ‘ಪ್ಲೀಸ್’ ಸಾಕೆಂದು ತಿಳಿಯಿರಿ.

ಇಂಗ್ಲಿಷರೇ ಜೋಡಿ ಕಟ್ಟಿದಾಗ

ಇಂಗ್ಲಿಷರು ಮಿತಭಾಷಿಗಳೆಂದು ಭಾವಿಸಬೇಡಿ. ಅವರ ಕಾನೂನು ಕಾಗದಗಳಲ್ಲಿ ‘ವಿಲ್ ಅಂಡ್ ಟೆಸ್ಟಮೆಂಟ್’, ‘ಗೂಡ್ಸ್ ಅಂಡ್ ಚಾಟೆಲ್ಸ್’ ಎಂದು ಜೋಡಿ ಜೋಡಿಯಾಗಿ ಪದಗಳು ಬರುತ್ತವೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಭಾಷೆ ಫ್ರೆಂಚ್, ವಿದ್ವಾಂಸರದು ಲ್ಯಾಟಿನ್, ಪ್ರಜೆಗಳ ಭಾಷೆ ಇಂಗ್ಲಿಷ್ ಆಯಿತು. ‘ವಿಲ್’, ‘ಗೂಡ್ಸ್’ ಪ್ರಜೆಗಳ ಪದಗಳು. ‘ಟೆಸ್ಟಮೆಂಟ್’ ಲ್ಯಾಟಿನ್ನಿನದು, ‘ಚಾಟೆಲ್ಸ್’ ಫ್ರೆಂಚಿನದು. ಎರಡನ್ನೂ ಬರೆದರೆ ಇಬ್ಬರಿಗೂ ತಿಳಿಯಿತು, ಜಗಳಕ್ಕೆ ಎಡೆ ಉಳಿಯಲಿಲ್ಲ. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲೇ ನಡೆಯಬೇಕೆಂದು 1362ರಲ್ಲಿ ಶಾಸನವಾಯಿತು. ಆ ಶಾಸನವನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ!

ಈಗ ನಮ್ಮ ಮನೆಯ ಮಾತನ್ನು ನೋಡಿ. ‘ಕಾಗದ ಪತ್ರ’ ಎನ್ನುತ್ತೇವೆ. ಕಾಗದ ಪಾರ್ಸಿಯಿಂದ ಬಂದದ್ದು, ಪತ್ರ ಸಂಸ್ಕೃತ. ‘ಕೋರ್ಟು ಕಚೇರಿ’ಯಲ್ಲಿ ಒಂದು ಇಂಗ್ಲಿಷು, ಇನ್ನೊಂದು ಹಿಂದೂಸ್ತಾನಿ. ‘ತಂಟೆ ತಕರಾರಿ’ನಲ್ಲಿ ತಂಟೆ ನಮ್ಮದು, ತಕರಾರು ಅರಬ್ಬಿಯದು. ಎರಡು ಭಾಷೆಯ ಜನ ಅಕ್ಕಪಕ್ಕ ಬಾಳಿದ ಕಡೆಯಲ್ಲೆಲ್ಲ ಇಂಥ ಜೋಡಿಗಳು ಹುಟ್ಟುತ್ತವೆ, ಲಂಡನ್ನಿನಲ್ಲಾಗಲಿ, ಬೀದರಿನಲ್ಲಾಗಲಿ. ‘ಗೇಟು ಬಾಗಿಲು ಹಾಕು’ ಎನ್ನುವ ನಿಮ್ಮ ಅತ್ತೆಯೂ ಅದೇ ವಂಶದವರು.

ಅಳೆಯುವ ಕೋಲು

ಹಾಗಾದರೆ ಯಾವುದು ದೋಷ, ಯಾವುದು ಅಲ್ಲ? ಇದಕ್ಕೆ ನಮ್ಮ ಪುರಾತನರು ಚೆನ್ನಾದ ಉತ್ತರ ಕೊಟ್ಟಿದ್ದಾರೆ. ಗೌತಮರ ನ್ಯಾಯಸೂತ್ರದಲ್ಲಿ ವಾದಿ ಸೋತನೆಂದು ತೀರ್ಮಾನಿಸಲು 22 ಸಂದರ್ಭಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಪುನರುಕ್ತವೂ ಒಂದು. ಹೇಳಿದ್ದನ್ನೇ ಹೇಳಿದರೆ ವಾದದಲ್ಲಿ ಸೋಲು! ಆದರೆ ಅದಕ್ಕೊಂದು ವಿನಾಯಿತಿಯನ್ನೂ ಇಟ್ಟರು. ಪ್ರಯೋಜನವಿದ್ದು ಮತ್ತೆ ಹೇಳಿದರೆ ಅದು ಪುನರುಕ್ತವಲ್ಲ, ಅನುವಾದ. ಎಂಥ ನ್ಯಾಯವಾದ ಮಾತು ನೋಡಿ. ಕೇಳಬೇಕಾದ ಪ್ರಶ್ನೆ ‘ಎರಡು ಸಲ ಬಂತೆ?’ ಎಂಬುದಲ್ಲ, ‘ಎರಡನೆಯದು ಏನಾದರೂ ಕೆಲಸ ಮಾಡಿತೆ?’ ಎಂಬುದು.

ಈ ಕೋಲಿನಿಂದ ಅಳೆಯೋಣ. ‘ಫ್ರೀ ಗಿಫ್ಟ್’ – ದುಡ್ಡು ತೆಗೆದುಕೊಂಡು ಕೊಡುವ ಉಡುಗೊರೆ ಉಂಟೆ? ಕತ್ತರಿಸಿ. ‘ಪಾಸ್ಟ್ ಹಿಸ್ಟರಿ’ – ಮುಂದಿನ ಇತಿಹಾಸವನ್ನು ಯಾರೂ ಕಂಡವರಿಲ್ಲ. ‘ಬೆಳಿಗ್ಗೆ 9 ಎ.ಎಂ.’ – ಒಂದನ್ನು ಬಿಡಿ. ‘ಫೈನಲ್ ಔಟ್‌ಕಮ್’, ‘ಅಡೆಡ್ ಬೋನಸ್’, ‘ಫ್ಲೈಓವರ್ ಬ್ರಿಡ್ಜ್’, ‘ಮೋರ್ ಬೆಟರ್’ – ಎಲ್ಲವೂ ಬಿಟ್ಟಿ ಊಟದವು.

ಇನ್ನು ‘ಕಸಿನ್ ಬ್ರದರ್’. ಇದನ್ನು ಕಂಡರೆ ಇಂಗ್ಲಿಷ್ ಮೇಷ್ಟ್ರುಗಳಿಗೆ ಮೈ ಉರಿಯುತ್ತದೆ. ಆದರೆ ಆ ಬಡ ‘ಕಸಿನ್’ ಎಂಬ ಪದ ಗಂಡೋ ಹೆಣ್ಣೋ ಎಂದೂ ಹೇಳುವುದಿಲ್ಲ. ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಅಣ್ಣ, ತಮ್ಮ, ಅಕ್ಕ, ತಂಗಿ. ಸೋದರತ್ತೆ, ಸೋದರಮಾವಂದಿರ ಮಕ್ಕಳ ಸಂಬಂಧವೇ ಬೇರೆ. ಹೆಣ್ಣು ಗಂಡು ನೋಡುವ ಸಂಪ್ರದಾಯವೂ ಎಷ್ಟೋ ಮನೆಗಳಲ್ಲಿತ್ತು. ಇಷ್ಟೆಲ್ಲವನ್ನೂ ‘ಕಸಿನ್’ ಎಂಬ ಒಂದೇ ಚೀಲದಲ್ಲಿ ತುಂಬಿದಾಗ ಒಂದು ‘ಬ್ರದರ್’ ಸೇರಿಸಿ ನಮ್ಮವರು ಸ್ವಲ್ಪ ಬೆಳಕು ಮಾಡಿಕೊಂಡರು. ವೀಸಾ ಅರ್ಜಿಯಲ್ಲಿ ‘ಕಸಿನ್’ ಎಂದೇ ಬರೆಯಿರಿ. ಮನೆಯಲ್ಲಿ ಮಾತ್ರ ‘ಅತ್ತೆ ಮಗ’, ‘ಚಿಕ್ಕಪ್ಪನ ಮಗಳು’ ಎಂದೇ ಹೇಳಿ. ಎರಡು ಭಾಷೆಯವರಿಗೆ ಅಷ್ಟು ಅನುಕೂಲವಾದರೂ ಬೇಡವೆ?

ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಏಕೆ ಬರೆಯುತ್ತೇವೆ? ಒಂದು ಸೊನ್ನೆ ಸುಲಭವಾಗಿ ಹೆಚ್ಚಾಗಬಹುದು, ಅಕ್ಷರಗಳನ್ನು ತಿದ್ದುವುದು ಕಷ್ಟ. ಎರಡೂ ಬೇರೆಯಾದರೆ ಅಕ್ಷರದಲ್ಲಿ ಬರೆದದ್ದೇ ಸರಿಯೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಹೇಳುತ್ತದೆ. ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಒಂದೇ ಸುದ್ದಿಯನ್ನು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಮೂರು ಸಲ ಕೂಗುತ್ತಾರೆ. ಮೂರೂ ತಿಳಿದ ನಿಮಗೆ ಬೇಸರ. ಒಂದೇ ತಿಳಿದವರಿಗೆ ಅದೇ ರೈಲು ಸಿಗುವ ದಾರಿ.

ಎದುರಿನ ಉದಾಹರಣೆ ಟೆಲಿಗ್ರಾಂ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ಅದು ನಿಂತುಹೋಯಿತು, ನಿಮ್ಮಲ್ಲಿ ಹೆಚ್ಚಿನವರು ಕಂಡಿರಲಾರಿರಿ. ಪದಕ್ಕಿಷ್ಟು ಎಂದು ದುಡ್ಡು. ಆಗ ನೋಡಬೇಕಿತ್ತು, ನಾಲ್ಕನೇ ತರಗತಿ ಓದಿದವರೂ ಇಂಗ್ಲಿಷಿನಲ್ಲಿ ಒಂದು ಪದ ವ್ಯರ್ಥ ಮಾಡುತ್ತಿರಲಿಲ್ಲ! ಅರ್ಜಿ, ಪರಿಚಯ ಪತ್ರ, ವಿದೇಶದ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆಯುವಾಗ ಪ್ರತಿ ಪದಕ್ಕೂ ನಿಮ್ಮ ಜೇಬಿನಿಂದ ಒಂದು ರೂಪಾಯಿ ಹೋಗುತ್ತದೆಂದು ಭಾವಿಸಿಕೊಳ್ಳಿ. ಫೌಲರನ 1926ರ ಇಂಗ್ಲಿಷ್ ಬಳಕೆಯ ಕೋಶವನ್ನು ಓದದಿದ್ದರೂ ಅರ್ಧ ಕೆಲಸ ಆದ ಹಾಗೆ.

ಕನ್ನಡಕ್ಕೆ ಆ ಕತ್ತರಿ ಬೇಡ

ಆದರೆ ಇಂಗ್ಲಿಷಿಗೆಂದು ಹಿಡಿದ ಕತ್ತರಿಯನ್ನು ಮನೆಮಾತಿನ ಮೇಲೆ ಆಡಿಸಬೇಡಿ. ‘ಬಿಸಿಬಿಸಿ ಕಾಫಿ’ ಎಂದರೆ ಬಿಸಿ ಕಾಫಿಯಲ್ಲ. ಹಬೆಯಾಡುತ್ತಿರುವಾಗಲೇ ಕೈಗೆ ಬಂದದ್ದು. ‘ಬೇಗ ಬಾ’ ಎನ್ನುವುದಕ್ಕೂ ‘ಬೇಗ ಬೇಗ ಬಾ’ ಎನ್ನುವುದಕ್ಕೂ ಅಮ್ಮನ ದನಿಯಲ್ಲಿರುವ ಅವಸರವೇ ಬೇರೆ. ‘ಚಿಕ್ಕ ಚಿಕ್ಕ ತುಂಡು’ ಎಂದರೆ ಒಂದಲ್ಲ, ಹಲವು ತುಂಡು. ಇದಕ್ಕೆ ದ್ವಿರುಕ್ತಿ ಎಂದು ವ್ಯಾಕರಣದಲ್ಲಿ ಗೌರವದ ಸ್ಥಾನವೇ ಇದೆ. ಬಟ್ಟೆಬರೆ, ಪಾತ್ರೆಪಡಗ, ಹಣ್ಣುಹಂಪಲು, ಬೆಟ್ಟಗುಡ್ಡ, ಮಕ್ಕಳುಮರಿ – ಇವು ಜೋಡುನುಡಿಗಳು. ‘ಹಣ್ಣು’ ಎಂದರೆ ಎದುರಿಗಿರುವ ಬಾಳೆಹಣ್ಣು. ‘ಹಣ್ಣುಹಂಪಲು’ ಎಂದರೆ ತುಂಬಿದ ಬುಟ್ಟಿ. ‘ಕಾಫಿಗೀಫಿ ಆಯ್ತಾ?’ ಎಂದು ಕೇಳುವಾಗ ಆ ‘ಗೀಫಿ’ಗೆ ಅರ್ಥವಿಲ್ಲವೆನ್ನುತ್ತೀರಾ? ಜೊತೆಗಿಷ್ಟು ತಿಂಡಿಯೂ ಆಗಲಿ, ಇನ್ನಷ್ಟು ಹೊತ್ತು ಕುಳಿತಿರಿ ಎಂಬ ಉಪಚಾರವೆಲ್ಲ ಅದರಲ್ಲೇ ಇದೆ.

ಈ ಊರಿನಲ್ಲಿ ಹುಟ್ಟಿ ಬೆಳೆದ ನಿಮ್ಮ ಕನ್ನಡ ಹೇಗೂ ಮಿತವಾಗಿಯೇ ಇದೆ. ಊಟ ಆಯ್ತು, ಬರ್ತೀನಿ, ಹ್ಞೂಂ – ಇಷ್ಟರಲ್ಲಿ ದಿನ ಮುಗಿಯುತ್ತದೆ. ಅದರಲ್ಲೂ ಇನ್ನೇನು ಕತ್ತರಿಸುತ್ತೀರಿ? ಅಲ್ಲಿ ಬೇಕಾದ್ದು ಕತ್ತರಿಯಲ್ಲ, ನೀರು ಗೊಬ್ಬರ.

ಮೊದಲೇ ಹೇಳಿದ ಮಾತಿಗೆ ಬರೋಣ. ಪಕ್ಕದಲ್ಲಿ ಇನ್ನೊಂದು ಪದ ಬಂದು ನಿಂತಿತೆಂದರೆ ಮೊದಲಿನ ಪದ ಯಾರಿಗೋ ಕೇಳಿಸುತ್ತಿಲ್ಲವೆಂದು ಅರ್ಥ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಯಿತು. ಬೀದರ್, ಗುಲ್ಬರ್ಗ, ರಾಯಚೂರುಗಳು ಅಂದಿನ ಮೈಸೂರು ರಾಜ್ಯ ಸೇರಿದವು. ಈ ಊರಿನ ಕನ್ನಡಿಗರು ಇದ್ದಲ್ಲಿಯೇ ಇದ್ದು ಒಂದೇ ದಿನದಲ್ಲಿ ಹೊರನಾಡಿನವರಾದರು. ಆ ದಿನವನ್ನೇ ನಾವು ಪ್ರತಿ ವರ್ಷ ರಾಜ್ಯೋತ್ಸವವೆಂದು ಆಚರಿಸುತ್ತೇವೆ. ಈಗ ನಿಮ್ಮಲ್ಲಿ ಕೆಲವರು ‘ರಾಜ್ಯೋತ್ಸವ ಸೆಲೆಬ್ರೇಶನ್ ಫಂಕ್ಷನ್’ ಎನ್ನುವುದು ಕಿವಿಗೆ ಬೀಳುತ್ತದೆ. ಮೂರು ಪದ, ಒಂದೇ ಹುರುಳು. ಇದನ್ನು ಇಂಗ್ಲಿಷಿನ ತಪ್ಪೆಂದು ತಿದ್ದಿದರೆ ಸಾಲದು. ‘ಉತ್ಸವ’ ಎಂಬ ಪದ ತಾನೊಂದೇ ನಿಂತು ಮಾತನಾಡುವ ಶಕ್ತಿ ಕಳೆದುಕೊಳ್ಳುತ್ತಿದೆಯೇನೋ ಎಂಬುದು ಯೋಚನೆಯ ಸಂಗತಿ. ಚೆರುವಿಗೆ ಆದದ್ದೇ ಉತ್ಸವಕ್ಕೂ ಆದೀತು. ಆಮೇಲೆ ಹಬ್ಬಕ್ಕೆ, ಅಜ್ಜಿಗೆ, ಊರಿಗೆ.

ಆದ್ದರಿಂದ ಒಂದು ಸಣ್ಣ ಕೆಲಸ ಮಾಡಿ. ಇಂಗ್ಲಿಷ್ ಕಾಗದ ಬರೆದು ಮುಗಿಸಿದ ಮೇಲೆ ಒಮ್ಮೆ ಓದಿ, ಕೆಲಸ ಮಾಡದ ಪದಗಳಿಗೆ ಮರ್ಯಾದೆಯಿಂದ ರಜೆ ಕೊಡಿ. ಕನ್ನಡ ಮಾತಾಡುವಾಗ ಯಾವುದಾದರೂ ಕನ್ನಡ ಪದದ ಪಕ್ಕಕ್ಕೆ ಇಂಗ್ಲಿಷ್ ಪದವೊಂದು ಊರುಗೋಲಿನಂತೆ ಬಂದು ನಿಂತರೆ, ಮನೆಯಲ್ಲಿ ಹಿರಿಯರನ್ನು ಕೇಳಿ: ಈ ಪದ ಒಂದೇ ಇದ್ದರೆ ಸಾಲದೆ, ಇದರ ಅರ್ಥವೇನು, ಊರಲ್ಲಿ ಇದನ್ನು ಹೇಗೆ ಹೇಳುತ್ತಿದ್ದರು? ಅವರು ಒಂದು ಪದಕ್ಕೆ ಹತ್ತು ಮಾತು ಹೇಳಿಯಾರು. ಅದನ್ನು ಮಾತ್ರ ಪುನರುಕ್ತಿಯೆಂದು ಎಣಿಸಬೇಡಿ.